ಆ 60 ದಿನ ಪುಕ್ಕಟೆ ಕೊಟ್ಟವರು ಯಾರು ಸ್ವಾಮಿ?

ನಿನ್ನೆ ರಾತ್ರಿ ಟೀವಿ ಚರ್ಚೆಯೊಂದರಲ್ಲಿ ಮತ್ತೆ ಅದೇ ಮಾತು. "ಅಮೆರಿಕದ ಅಧ್ಯಕ್ಷರು 60 ದಿನ ಯಾರನ್ನೂ ಕೇಳದೆ ಯುದ್ಧ ಮಾಡಬಹುದು, ಅಲ್ಲಿನ ಕಾನೂನೇ ಹಾಗಿದೆ" ಅಂತ ನಿರೂಪಕರು ಹೇಳಿದರು. ಪಕ್ಕದಲ್ಲಿ ಕೂತಿದ್ದ ಇಬ್ಬರು ತಜ್ಞರು ತಲೆಯಾಡಿಸಿದರು. ಕೆಳಗಿನ ಪಟ್ಟಿಯಲ್ಲಿ ಅದೇ ಸಾಲು ದಪ್ಪಕ್ಷರದಲ್ಲಿ ಓಡಿತು. ಸಂವಿಧಾನದ ವಿಷಯದಲ್ಲಿ ಇಂಥದ್ದು ಕಿವಿಗೆ ಬಿದ್ದರೆ ನನಗೇನಾಗುತ್ತದೆ ಅಂತ ಇಲ್ಲಿನ ಹಳಬರಿಗೆ ಗೊತ್ತು. ಬರಹ ಉದ್ದವಾಗುತ್ತದೆ, ಕ್ಷಮಿಸಿ. ಕ್ಷಮಿಸದಿದ್ದರೂ ಬರೆಯುವುದಂತೂ ಖಚಿತ.

ಇವರೆಲ್ಲ ಹೇಳುವ ಕಾನೂನು 1973ರ ವಾರ್ ಪವರ್ಸ್ ರೆಸಲ್ಯೂಷನ್. ಆಗಿನ ಅಧ್ಯಕ್ಷ ನಿಕ್ಸನ್ ಅದಕ್ಕೆ ವೀಟೋ (ತಡೆ) ಹಾಕಿದ್ದರು. ನವೆಂಬರ್ 7ರಂದು ಅಲ್ಲಿನ ಸಂಸತ್ತಿನ ಎರಡು ಸದನಗಳಾದ ಪ್ರತಿನಿಧಿ ಸಭೆ 284–135, ಸೆನೆಟ್ 75–18 ಮತಗಳಿಂದ ಆ ವೀಟೋವನ್ನು ತಳ್ಳಿಹಾಕಿ ಕಾನೂನು ಮಾಡಿದವು. ಅದರ ಸೆಕ್ಷನ್ 2(ಸಿ) ಓದಿ. ಅಧ್ಯಕ್ಷರು ಸೈನ್ಯವನ್ನು ಕದನಕ್ಕಿಳಿಸಬಹುದಾದ ಸಂದರ್ಭ ಮೂರೇ ಮೂರು: ಕಾಂಗ್ರೆಸ್ ಯುದ್ಧ ಘೋಷಿಸಿರಬೇಕು, ಇಲ್ಲವೇ ನಿರ್ದಿಷ್ಟ ಕಾನೂನಿನ ಮೂಲಕ ಒಪ್ಪಿಗೆ ಕೊಟ್ಟಿರಬೇಕು, ಇಲ್ಲವೇ ಅಮೆರಿಕದ ನೆಲದ ಮೇಲೋ ಅದರ ಸೈನ್ಯದ ಮೇಲೋ ದಾಳಿ ಆಗಿರಬೇಕು. (ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು. ಕಾಮೆಂಟಿನಲ್ಲಿ ಹಸ್ತದ ಗುರುತನ್ನು ಎಳೆದು ತರಬೇಡಿ, ದಮ್ಮಯ್ಯ.) ನಾಲ್ಕನೆಯದಾಗಿ "ಮೊದಲ 60 ದಿನ ನಿಮ್ಮಿಷ್ಟ" ಅಂತ ಎಲ್ಲೂ ಇಲ್ಲ.

ಹಾಗಾದರೆ 60 ಎಲ್ಲಿಂದ ಬಂತು? ಸೆಕ್ಷನ್ 5(ಬಿ)ಯಿಂದ. ಸೈನ್ಯ ಇಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ಎರಡೂ ಸದನಗಳಿಗೆ ಲಿಖಿತ ವರದಿ ಕೊಡಬೇಕು. ಆ ವರದಿ ಕೊಟ್ಟ ದಿನ ಅಥವಾ ಕೊಡಬೇಕಾಗಿದ್ದ ದಿನ, ಯಾವುದು ಮೊದಲೋ ಅಲ್ಲಿಂದ 60 ದಿನದೊಳಗೆ ಕಾಂಗ್ರೆಸ್ ಒಪ್ಪದಿದ್ದರೆ ಸೈನ್ಯದ ಬಳಕೆ ನಿಲ್ಲಬೇಕು. ಸುರಕ್ಷಿತವಾಗಿ ಹಿಂದೆಗೆಯಲು ಅನಿವಾರ್ಯ ಅಂತ ಅಧ್ಯಕ್ಷರು ಬರೆದುಕೊಟ್ಟರೆ ಇನ್ನೊಂದು 30 ದಿನ. ಅಂದರೆ ಇದು ಗಡುವು, ಪರವಾನಗಿ ಅಲ್ಲ. ಬೀಗ ಒಡೆದು ಮನೆ ಹೊಕ್ಕವನಿಗೆ "60 ದಿನದಲ್ಲಿ ಖಾಲಿ ಮಾಡು" ಅಂತ ನೋಟಿಸ್ ಕೊಟ್ಟರೆ, ಬೀಗ ಒಡೆದದ್ದು ಸರಿ ಅಂತ ಒಪ್ಪಿಕೊಂಡ ಹಾಗಾಯಿತೇ?

ನಿಜ, 2(ಸಿ) ಬರೀ ಉದ್ದೇಶದ ಭಾಗ, ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ ಅಂತ ಶ್ವೇತಭವನದ ವಕೀಲರು ಅಂದಿನಿಂದ ವಾದಿಸುತ್ತಲೇ ಇದ್ದಾರೆ. ಆಗಲಿ. ಆದರೆ 1973ರ ಕಾನೂನನ್ನು ಪೂರ್ತಿ ಹರಿದು ಬಿಸಾಕಿದರೂ ಸಂವಿಧಾನ ಅಲ್ಲೇ ಇರುತ್ತದಲ್ಲ? ಯುದ್ಧ ಘೋಷಿಸುವುದು, ಸೈನ್ಯ ಕಟ್ಟುವುದು, ಅದಕ್ಕೆ ಹಣ ಕೊಡುವುದು (ಭೂಸೇನೆಗಂತೂ ಒಮ್ಮೆಗೆ ಎರಡು ವರ್ಷಕ್ಕಿಂತ ಹೆಚ್ಚು ಕೊಡುವಂತಿಲ್ಲ) ಎಲ್ಲವೂ ಮೊದಲ ವಿಧಿಯ 8ನೇ ಸೆಕ್ಷನ್ನಿನಲ್ಲಿ ಕಾಂಗ್ರೆಸ್ಸಿನ ಪಾಲಿಗಿದೆ. ಎರಡನೇ ವಿಧಿ ಅಧ್ಯಕ್ಷರನ್ನು ಮಹಾದಂಡನಾಯಕ ಅನ್ನುತ್ತದೆ, ಅಷ್ಟೆ.

ಇನ್ನು ಈ ಗಡುವನ್ನು ತಪ್ಪಿಸಿಕೊಳ್ಳುವ ಕೈಚಳಕಕ್ಕೆ ಬರೋಣ. ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೇ ತೂರುವವರು. ವರದಿಯಲ್ಲಿ ಮೂರು ಬಗೆ: ಕದನಕ್ಕಿಳಿಸಿದ್ದು, ಶಸ್ತ್ರಸಜ್ಜಿತರಾಗಿ ಬೇರೆ ದೇಶದೊಳಗೆ ಕಳಿಸಿದ್ದು, ಅಲ್ಲಿ ಮೊದಲೇ ಇದ್ದ ಪಡೆಯನ್ನು ದೊಡ್ಡದು ಮಾಡಿದ್ದು. ಗಡಿಯಾರ ಓಡುವುದು ಮೊದಲನೆಯದಕ್ಕೆ ಮಾತ್ರ, ಅಂದರೆ 4(ಎ)(1)ಕ್ಕೆ. ಆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ವರದಿ: 1975ರ ಮೇ ತಿಂಗಳಲ್ಲಿ ಕಾಂಬೋಡಿಯಾ ಹಿಡಿದಿಟ್ಟಿದ್ದ ಅಮೆರಿಕದ ಮಾಯಾಗೇಜ್ ಹಡಗಿನ ಪ್ರಕರಣದಲ್ಲಿ ಅಧ್ಯಕ್ಷ ಫೋರ್ಡ್ ಬರೆದದ್ದು. ಅದೂ ಕಾರ್ಯಾಚರಣೆ ಮುಗಿದ ಮೇಲೆ! ಉಳಿದವರೆಲ್ಲ ಕಾನೂನಿನ "ಪ್ರಕಾರ" ಅಂತ ಬರೆಯುವುದಿಲ್ಲ, ಕಾನೂನಿಗೆ "ಹೊಂದುವಂತೆ" ಅಂತ ಬರೆಯುತ್ತಾರೆ. ಒಂದು ಪದದ ಆಚೀಚೆ. ಗಡಿಯಾರಕ್ಕೆ ಕೀಲಿಯೇ ಕೊಡಲಿಲ್ಲ ಅನ್ನುವುದು ಅವರ ಲೆಕ್ಕ. "ಕೊಡಬೇಕಾಗಿದ್ದ ದಿನದಿಂದ" ಅಂತ ಕಾನೂನು ಬರೆದವರಿಗೆ ಈ ಆಟ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗಲಿಲ್ಲ.

2011ರ ಲಿಬಿಯಾ ಇದಕ್ಕಿಂತ ಚಂದ. ಮಾರ್ಚ್ 19ಕ್ಕೆ ಬಾಂಬ್ ದಾಳಿ ಶುರು, 21ಕ್ಕೆ ಒಬಾಮಾ ವರದಿ, ಮೇ 20ಕ್ಕೆ 60 ದಿನ ಮುಗಿಯಿತು. ವಿಮಾನಗಳು ಹಾರುತ್ತಲೇ ಇದ್ದವು. ಜೂನ್‌ನಲ್ಲಿ ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಹೆರಾಲ್ಡ್ ಕೋ ಸೆನೆಟ್ ಸಮಿತಿಯ ಮುಂದೆ ಕೂತು, ಇದು ಆ ಕಾನೂನು ಹೇಳುವ "ಕದನ"ವೇ ಅಲ್ಲ ಅಂದರು. ಕಾರಣಗಳು: ಕಾರ್ಯಾಚರಣೆಯ ಉದ್ದೇಶ ಸೀಮಿತ, ನಮ್ಮವರಿಗೆ ಅಪಾಯ ಸೀಮಿತ, ಉಲ್ಬಣಿಸುವ ಸಂಭವ ಸೀಮಿತ, ಬಳಸುವ ಸಾಧನ ಸೀಮಿತ. ಕೆಳಗಿರುವವನ ತಲೆ ಮೇಲೆ ಬೀಳುವ ಬಾಂಬಿಗೆ ಇದು ಗೊತ್ತಿತ್ತೋ ಇಲ್ಲವೋ. ಆ ಮನುಷ್ಯ ಅದಕ್ಕೂ ಮುಂಚೆ ಅಧ್ಯಕ್ಷರ ಯುದ್ಧಾಧಿಕಾರವನ್ನು ಟೀಕಿಸಿಯೇ ಹೆಸರು ಮಾಡಿದ್ದ ಪ್ರಾಧ್ಯಾಪಕ ಅನ್ನುವುದು ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಆದರೂ ಕಾನೂನಿನ ನಿಜವಾದ ಹಲ್ಲು ಮುರಿದದ್ದು ಯುದ್ಧಕ್ಕೆ ಸಂಬಂಧವೇ ಇಲ್ಲದ ಪ್ರಕರಣದಲ್ಲಿ. ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ಜಗದೀಶ್ ರಾಯ್ ಚಡ್ಢಾ, ವಿದ್ಯಾರ್ಥಿ ವೀಸಾ ಮುಗಿದ ಮೇಲೂ ಅಮೆರಿಕದಲ್ಲೇ ಉಳಿದಿದ್ದರು. ಗಡೀಪಾರು ಬೇಡ ಅಂತ ಅಧಿಕಾರಿಗಳು ತೀರ್ಮಾನಿಸಿದ್ದನ್ನು ಪ್ರತಿನಿಧಿ ಸಭೆಯೊಂದೇ ನಿರ್ಣಯ ಮಾಡಿ ರದ್ದು ಮಾಡಿತು. 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಎರಡೂ ಸದನ ದಾಟಿ ಅಧ್ಯಕ್ಷರ ಮುಂದೆ ಹೋಗದ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ. ಚಡ್ಢಾ ಉಳಿದರು. ಸೆಕ್ಷನ್ 5(ಸಿ) ಸತ್ತಿತು. "ಎರಡೂ ಸದನ ಸರಳ ಬಹುಮತದಿಂದ ಹೇಳಿದರೆ ಸೈನ್ಯ ವಾಪಸ್, ಅಧ್ಯಕ್ಷರ ಸಹಿ ಬೇಡ" ಅಂತಿದ್ದದ್ದು ಅದೇ ಉಪವಿಭಾಗ.

ಇದರ ಪರಿಣಾಮವನ್ನು ಬೆರಳೆಣಿಸಿ ನೋಡಿ. ಸಂವಿಧಾನದ ಪ್ರಕಾರ ಯುದ್ಧ ಶುರು ಮಾಡಲು ಅಧ್ಯಕ್ಷರಿಗೆ ಎರಡೂ ಸದನಗಳ ಬಹುಮತ ಬೇಕು. ಈಗ ಅವರು ಶುರು ಮಾಡಿಬಿಡುತ್ತಾರೆ. ನಿಲ್ಲಿಸಲು ಕಾಂಗ್ರೆಸ್ ಜಂಟಿ ನಿರ್ಣಯ ಮಾಡಬೇಕು, ಅದಕ್ಕೆ ಅಧ್ಯಕ್ಷರೇ ವೀಟೋ ಹಾಕುತ್ತಾರೆ, ವೀಟೋ ಮುರಿಯಲು ಎರಡೂ ಸದನಗಳಲ್ಲಿ ಮೂರನೇ ಎರಡು ಮತ ಬೇಕು. ನೂರೂ ಸೆನೆಟರ್‌ಗಳು ಹಾಜರಿದ್ದಾಗ 34 ಜನ ಅಧ್ಯಕ್ಷರ ಕೈಹಿಡಿದರೆ ಸಾಕು, ಯುದ್ಧ ಮುಂದುವರಿಯುತ್ತದೆ. 2019ರಲ್ಲಿ ಯೆಮನ್ ಯುದ್ಧದಿಂದ ಅಮೆರಿಕ ಹಿಂದೆ ಸರಿಯಲಿ ಅನ್ನುವ ನಿರ್ಣಯ ಎರಡೂ ಸದನ ದಾಟಿತು, ಟ್ರಂಪ್ ವೀಟೋ ಹಾಕಿದರು, ಸೆನೆಟ್‌ನಲ್ಲಿ ವೀಟೋ ವಿರುದ್ಧ 53–45. ಬಹುಮತ ಇದ್ದೂ ಸೋಲು. 2020ರಲ್ಲಿ ಇರಾನ್ ನಿರ್ಣಯಕ್ಕೂ ಅದೇ ಗತಿ, 49–44. ಪುಕ್ಕಟೆ ಸಿಕ್ಕಿದ್ದು 60 ದಿನವಲ್ಲ ಮಾರಾಯರೇ, ಅದಕ್ಕಿಂತ ದೊಡ್ಡದೇ ಸಿಕ್ಕಿದೆ.

"ಕ್ಷಿಪಣಿ ಬರುವಾಗ 535 ಜನ ಕೂತು ಚರ್ಚೆ ಮಾಡಬೇಕಾ ಸಾರ್?" ಅಂತ ಈಗಲೇ ಒಬ್ಬರು ಟೈಪ್ ಮಾಡುತ್ತಿರುತ್ತೀರಿ. ಬೇಡ. 1787ರ ಆಗಸ್ಟ್ 17ರಂದು ಫಿಲಡೆಲ್ಫಿಯಾದ ಸಂವಿಧಾನ ರಚನಾ ಸಭೆಯಲ್ಲಿ ಮ್ಯಾಡಿಸನ್ ಮತ್ತು ಗೆರ್ರಿ ಕಾಂಗ್ರೆಸ್ಸಿಗೆ "ಯುದ್ಧ ಮಾಡುವ" ಅಧಿಕಾರ ಅಂತಿದ್ದದ್ದನ್ನು "ಯುದ್ಧ ಘೋಷಿಸುವ" ಅಧಿಕಾರ ಅಂತ ತಿದ್ದಿಸಿದ್ದೇ ಇದಕ್ಕೆ. ಹಠಾತ್ ದಾಳಿ ಹಿಮ್ಮೆಟ್ಟಿಸುವುದು ಅಧ್ಯಕ್ಷರ ಕೈಯಲ್ಲೇ ಇರಲಿ ಅಂತ. ವೇಗದ ಮಾತಿಗೆ ಬಂದರೆ, 1941ರ ಡಿಸೆಂಬರ್ 8ರಂದು ರೂಸ್‌ವೆಲ್ಟ್ ಮಧ್ಯಾಹ್ನ ಭಾಷಣ ಮಾಡಿದರು, ಸಂಜೆಯೊಳಗೆ ಕಾಂಗ್ರೆಸ್ ಒಪ್ಪಿ ಜಪಾನ್ ಮೇಲಿನ ಯುದ್ಧ ಘೋಷಣೆಗೆ ಸಹಿಯೂ ಆಯಿತು. 1950ರಲ್ಲಿ ಶುರುವಾದ ಮೂರು ವರ್ಷದ ಕೊರಿಯಾ ಯುದ್ಧದಲ್ಲಿ ಅಧ್ಯಕ್ಷ ಟ್ರೂಮನ್‌ಗೆ ಕಾಂಗ್ರೆಸ್ಸನ್ನು ಕೇಳಲು ಒಂದು ದಿನವೂ ಪುರುಸೊತ್ತಾಗಲಿಲ್ಲ.

ಹಾಗಂತ ಕಾಂಗ್ರೆಸ್ ಪಾಪದ ಹಸುವೇನಲ್ಲ. 1999ರ ಏಪ್ರಿಲ್ 28ರಂದು, ಕೊಸೊವೊ ವಿಷಯಕ್ಕೆ ಯುಗೋಸ್ಲಾವಿಯಾ ಮೇಲೆ ಬಾಂಬ್ ದಾಳಿ ಶುರುವಾಗಿ ಒಂದು ತಿಂಗಳು ದಾಟಿದ ಮೇಲೆ, ಪ್ರತಿನಿಧಿ ಸಭೆ ಏನು ಮಾಡಿತು ಗೊತ್ತೇ? ಯುದ್ಧ ಘೋಷಣೆ ತಿರಸ್ಕಾರ, 427–2. ಸೈನ್ಯ ವಾಪಸಾತಿಯೂ ತಿರಸ್ಕಾರ. ವಿಮಾನ ದಾಳಿಗೆ ಒಪ್ಪಿಗೆ 213–213, ಸಮಬಲವಾಗಿ ಬಿದ್ದುಹೋಯಿತು. ಮರುತಿಂಗಳು ಅದೇ ಯುದ್ಧಕ್ಕೆ ಹಣ ಮಂಜೂರು! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹಣ ಕೊಟ್ಟ ಮಾತ್ರಕ್ಕೆ ಒಪ್ಪಿಗೆ ಅಂತ ಭಾವಿಸಬಾರದು ಅಂತ 1973ರ ಕಾನೂನಿನ ಸೆಕ್ಷನ್ 8 ಹೇಳುತ್ತದೆ. ಅಧ್ಯಕ್ಷ ಕ್ಲಿಂಟನ್ ಆಡಳಿತದ ವಕೀಲರು ಹಣ ಕೊಟ್ಟದ್ದನ್ನೇ ಒಪ್ಪಿಗೆ ಅಂತ ವಾದಿಸಿದರು. ದಾಳಿ 78 ದಿನ ನಡೆಯಿತು. ಸಂಸದರು ಕೋರ್ಟಿಗೆ ಹೋದರು, ನಿಮಗೆ ದಾವೆ ಹೂಡುವ ಹಕ್ಕಿಲ್ಲ ಅಂತ ಕೋರ್ಟು ಕಳಿಸಿತು.

ಹಣ ನಿಲ್ಲಿಸುವ ಅಸ್ತ್ರ ಮಾತ್ರ ಕೆಲಸ ಮಾಡಿದ್ದಿದೆ. ಕಾಂಬೋಡಿಯಾಗೆ 1973ರ ಆಗಸ್ಟ್ 15, ಸೊಮಾಲಿಯಾಕ್ಕೆ 1994ರ ಮಾರ್ಚ್ 31, ಆಮೇಲೆ ಹಣವಿಲ್ಲ ಅಂತ ದಿನಾಂಕ ಕಟ್ಟಿದ್ದರು. ಆದರೆ ರಣರಂಗದಲ್ಲಿರುವ ಹುಡುಗರ ಗುಂಡಿಗೆ ದುಡ್ಡು ನಿಲ್ಲಿಸಿದವ ಅನ್ನಿಸಿಕೊಂಡು ಚುನಾವಣೆಗೆ ಹೋಗುವ ಧೈರ್ಯ ಎಷ್ಟು ಜನಕ್ಕಿದೆ?

"ನಮ್ಮಲ್ಲಿ ಹೇಗೆ?" ಅಂತ ಕೇಳುವವರಿಗೆ ಗುಟ್ಟೊಂದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಯುದ್ಧಕ್ಕೆ ಸಂಸತ್ತಿನ ಒಪ್ಪಿಗೆ ಬೇಕು ಅಂತ ನಮ್ಮ ಸಂವಿಧಾನದಲ್ಲಿ ಒಂದು ಸಾಲೂ ಇಲ್ಲ. "ಯುದ್ಧ ಮತ್ತು ಶಾಂತಿ" ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 15ನೇ ನಮೂದು. ಸಂಸತ್ತು ಕಾನೂನು ಮಾಡಬಹುದಾದ ವಿಷಯಕ್ಕೆಲ್ಲ ಕಾರ್ಯಾಂಗದ ಅಧಿಕಾರವೂ ಚಾಚುತ್ತದೆ ಅಂತ 73ನೇ ವಿಧಿ. ಅಲ್ಲಿಗೆ ಸಂಪುಟ ತೀರ್ಮಾನಿಸಿದರೆ ಮುಗಿಯಿತು. 352ನೇ ವಿಧಿಯಡಿ ಒಂದು ತಿಂಗಳೊಳಗೆ ಎರಡೂ ಸದನ ಒಪ್ಪಬೇಕಾದದ್ದು ತುರ್ತುಪರಿಸ್ಥಿತಿಯನ್ನು, ಯುದ್ಧವನ್ನಲ್ಲ. ಕಾರ್ಗಿಲ್ ಯುದ್ಧ ನಡೆದಾಗ ಲೋಕಸಭೆಯೇ ಇರಲಿಲ್ಲ, 1999ರ ಏಪ್ರಿಲ್‌ನಲ್ಲೇ ವಿಸರ್ಜನೆಯಾಗಿತ್ತು. ರಾಜ್ಯಸಭೆಯನ್ನಾದರೂ ಕರೆಯಿರಿ ಅಂತ ವಿರೋಧ ಪಕ್ಷಗಳು ಕೇಳಿದವು. ಕರೆಯಲಿಲ್ಲ. ಕಾನೂನು ಮುರಿದಂತೆಯೂ ಆಗಲಿಲ್ಲ. ಮುರಿಯಲು ಕಾನೂನು ಇದ್ದರೆ ತಾನೇ.

ಅದೇ ಚರ್ಚೆಯ ಎರಡನೇ ಭಾಗ ಇವತ್ತು ರಾತ್ರಿ ಇದೆಯಂತೆ. ಪುಣ್ಯಾತ್ಮರು ಯಾರಾದರೂ ಆ ನಿರೂಪಕರಿಗೆ 5(ಬಿ)ಯ ಕನ್ನಡ ಮಾಡಿ ಕೊಡಿ. ನನ್ನ ಮನೆಯಲ್ಲಂತೂ ರಿಮೋಟ್ ಈಗಾಗಲೇ ಬಚ್ಚಿಟ್ಟಿದ್ದಾರೆ.