ಕಂಗಾಲ್‌ನ ಮೀನು ಸೋರಿಯಾಸಿಸ್ ಅನ್ನು ಬೇರುಸಹಿತ ಕೀಳುವುದಿಲ್ಲ

'ಟರ್ಕಿಯ ಕಂಗಾಲ್ ಬಿಸಿನೀರಿನ ಬುಗ್ಗೆಯ ಮೀನು ಕಚ್ಚಿದರೆ ಸೋರಿಯಾಸಿಸ್ ಶಾಶ್ವತವಾಗಿ ವಾಸಿ, ಮಾಲ್‌ಗಳ ಫಿಶ್ ಸ್ಪಾದಲ್ಲೂ ಅದೇ ಚಿಕಿತ್ಸೆ' ಎಂಬ ವಾಟ್ಸ್ಯಾಪ್ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು. ಸೋರಿಯಾಸಿಸ್ ಎಂದರೆ ಚರ್ಮದ ಮೇಲೆ ಹೊಪ್ಪಳೆ ಏಳುವ ದೀರ್ಘಕಾಲದ ರೋಗ.

ಬುಗ್ಗೆ ಇರುವುದು ನಿಜ. ಸಿವಾಸ್ ಪ್ರಾಂತ್ಯದ ಕಂಗಾಲ್ ಊರಿನಿಂದ ಸುಮಾರು 13 ಕಿ.ಮೀ. ದೂರ. ಗಾಯಗೊಂಡ ಕುರಿಗಾಹಿಯೊಬ್ಬ ಈ ನೀರಿನಲ್ಲಿ ಕಾಲಿಟ್ಟು ಗುಣವಾದನೆಂದು ಅಲ್ಲಿನವರು ಹೇಳುತ್ತಾರೆ. ಈಗ ಅಲ್ಲಿ ಕೊಳಗಳು, ವಸತಿ ಎಲ್ಲವೂ ಇವೆ. ನೀರು ಸುಮಾರು 35 ಡಿಗ್ರಿ ಸೆಲ್ಸಿಯಸ್. ಅಷ್ಟು ಬೆಚ್ಚಗಿನ ನೀರಿನಲ್ಲಿ ಮೀನಿಗೆ ಆಹಾರ ಕಡಿಮೆ, ಹಾಗಾಗಿ ಅದು ನೆನೆದು ಮೆತ್ತಗಾದ ಚರ್ಮದ ಹೊಪ್ಪಳೆಯನ್ನು ಕಿತ್ತು ತಿನ್ನುತ್ತದೆ. ಗಾರಾ ರೂಫಾ ಎಂಬ ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ. ರೋಗಿಗಳು ಸಾಮಾನ್ಯವಾಗಿ 21 ದಿನ ಉಳಿದು, ದಿನಕ್ಕೆ ಹಲವು ಗಂಟೆ ನೀರಿನಲ್ಲಿ ಕೂರುತ್ತಾರೆ.

ಇದರಿಂದ ಹೊಪ್ಪಳೆ ಕಡಿಮೆಯಾಗಿ ಹಿತವೆನಿಸಬಹುದು. ಆದರೆ ಸೋರಿಯಾಸಿಸ್‌ನ ಮೂಲ ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿದೆ. ಮೀನಿಗೆ ಅದು ಎಟುಕದು. ರೋಗ ಮರುಕಳಿಸುತ್ತದೆ.

ಮಾಲ್‌ನ ಫಿಶ್ ಸ್ಪಾ, ಅಂದರೆ ಮೀನಿರುವ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂರುವುದರ ಕಥೆಯೇ ಬೇರೆ. ಅದು ಹರಿಯುವ ಬುಗ್ಗೆಯಲ್ಲ. ಅದೇ ಮೀನು ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಹೋಗುತ್ತದೆ, ಮೀನನ್ನು ಸೋಂಕುರಹಿತ ಮಾಡಲಾಗದು. ಕೆಲವೆಡೆ ಗಾರಾ ರೂಫಾ ಹೆಸರಿನಲ್ಲಿ ಬಿಡುವ ಚಿನ್‌ಚಿನ್ ಎಂಬ ಬೇರೆ ಜಾತಿಯ ಮೀನಿಗೆ ಬೆಳೆದಂತೆ ಹಲ್ಲು ಬರುತ್ತದೆ, ಚರ್ಮ ಕಿತ್ತು ರಕ್ತ ಬರಬಹುದು. ಮಧುಮೇಹಿಗಳು, ಕಾಲಿನಲ್ಲಿ ಬಿರುಕು, ಗಾಯ ಇರುವವರು ದಯವಿಟ್ಟು ಇಳಿಯಬೇಡಿ.

ಔಷಧಿ ನಿಲ್ಲಿಸುವ ಮುನ್ನ ಚರ್ಮವೈದ್ಯರನ್ನು ಕೇಳಿ. ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ, ಗುಂಪಿನಲ್ಲಿ ಕಂಡರೆ ಈ ಸ್ಪಷ್ಟನೆಯನ್ನು ಅದರ ಕೆಳಗೆ ಹಾಕಿ.