ಟೀಕೆಗೆ ಉತ್ತರ ಎರಡನೆಯ ಆವೃತ್ತಿಯಲ್ಲಿರಲಿ

ಅಂತರ್ಜಾಲದಲ್ಲಿ ಹಲವರು ಸೇರಿ ಕಟ್ಟುವ ಕೆಲಸಕ್ಕೆ, ಅದು ವಿಕಿಪೀಡಿಯದ ಲೇಖನವಿರಲಿ, ಮುಕ್ತ ತಂತ್ರಾಂಶದ ಕೋಡ್ ಇರಲಿ, ಉತ್ಸಾಹದಿಂದ ಬಂದು ಮೊದಲ ಟೀಕೆಗೇ ಮನಸ್ಸು ಮುರಿದುಕೊಂಡು ಹೊರಟುಹೋಗುವ ಸಮರ್ಥರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಂಥವರಿಗೆ "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಹೇಳುವುದು ವಾಡಿಕೆ. ಈ ಸಮಾಧಾನದ ಮಾತು ನನಗೆ ಒಪ್ಪಿಗೆಯಿಲ್ಲ. ಸಂಬಳದ ಆಸೆಯಿಲ್ಲದೆ, ಬಿಡುವಿನ ವೇಳೆಯನ್ನೆಲ್ಲ ಕೊಟ್ಟು ಮಾಡಿದ ಕೆಲಸವನ್ನು ಯಾರೋ ಅಪರಿಚಿತರು ಎರಡು ಸಾಲಿನಲ್ಲಿ ತಳ್ಳಿಹಾಕಿದರೆ ಯಾರಿಗಾದರೂ ನೋವಾಗುತ್ತದೆ. ಆ ನೋವು ಇರುವಾಗಲೇ ಆ ಎರಡು ಸಾಲಿನಲ್ಲಿ ಏನಿದೆ ಎಂದು ಓದಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ನಾವು ಮಾತನಾಡಬೇಕು.

2001ರಲ್ಲಿ ಆರಂಭವಾದ ವಿಕಿಪೀಡಿಯವನ್ನೇ ನೋಡೋಣ. ಒಂದು ವಿಷಯದಲ್ಲಿ ದಶಕಗಳ ಅನುಭವವಿರುವವರು ಬರೆದ ಭಾಗವನ್ನು, ವಯಸ್ಸಿನಲ್ಲಿ ಬಹಳ ಕಿರಿಯರಾದ ಇನ್ನೊಬ್ಬ ಸಂಪಾದಕರು "ಮೂಲವಿಲ್ಲ" ಎಂಬ ಒಂದೇ ಕಾರಣ ಕೊಟ್ಟು ತೆಗೆದುಹಾಕಬಹುದು. ಬರೆದವರಿಗೆ ಅದು ತಮ್ಮ ವಿದ್ವತ್ತಿನ ಮೇಲಿನ ಅಪನಂಬಿಕೆಯಂತೆ ಕೇಳಿಸುತ್ತದೆ. ಆದರೆ ಲೇಖನವನ್ನು ಓದುವವರಿಗೆ ಅದನ್ನು ಬರೆದವರು ನಿಜಕ್ಕೂ ಯಾರೆಂದು ಖಚಿತಪಡಿಸಿಕೊಳ್ಳುವ ದಾರಿಯಿಲ್ಲ. ಹಾಗಾಗಿ, ಬರೆದವರು ಎಷ್ಟೇ ಬಲ್ಲವರಾಗಿದ್ದರೂ, ಓದುಗರು ತಾವೇ ತೆರೆದು ಪರೀಕ್ಷಿಸಬಹುದಾದ ಪ್ರಕಟಿತ ಮೂಲವೊಂದು ಬೇಕು ಎಂಬುದು ಅಲ್ಲಿನ ನಿಯಮ. ತೆಗೆದುಹಾಕಿದ ಬರಹವೂ ಸಾಮಾನ್ಯವಾಗಿ ನಾಶವಾಗಿರುವುದಿಲ್ಲ, ಪುಟದ ಇತಿಹಾಸದಲ್ಲಿ ಹಾಗೆಯೇ ಉಳಿದಿರುತ್ತದೆ. ಆಗ ಮಾಡಬೇಕಾದ ಕೆಲಸ ಸರಳವಾದದ್ದು: ಯಾವ ವಾಕ್ಯಕ್ಕೆ ಆಕ್ಷೇಪ, ಎಂಥ ಮೂಲ ಕೊಟ್ಟರೆ ಸಾಕು ಎಂದು ಚರ್ಚೆ ಪುಟದಲ್ಲಿ ಕೇಳುವುದು. ಕೇಳದೆ ಅದೇ ಬರಹವನ್ನು ಮತ್ತೆ ಮತ್ತೆ ತಂದು ಹಾಕುವವರಿದ್ದಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಇತರರ ಬದಲಾವಣೆಗಳನ್ನು ರದ್ದುಮಾಡಿದರೆ ಖಾತೆಗೆ ತಡೆ ಬೀಳಬಹುದು. "ನಾನು ಬರೆದದ್ದೇ ಸರಿ" ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಟೀಕೆಯನ್ನು ಬಳಸಿಕೊಳ್ಳುವ ಅತ್ಯಂತ ಪಳಗಿದ ಪದ್ಧತಿ ನನಗೆ ಕಾಣುವುದು ಲಿನಕ್ಸ್ ಕರ್ನಲ್ ಸಮುದಾಯದಲ್ಲಿ, ಎಂದರೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ ಕೋಡನ್ನು ಸೇರಿ ಬರೆಯುವವರಲ್ಲಿ. ಅಲ್ಲಿ ಕೋಡಿನ ಬದಲಾವಣೆಯನ್ನು ಪ್ಯಾಚ್ ರೂಪದಲ್ಲಿ, ಎಂದರೆ ಯಾವ ಸಾಲು ಹೋಗಿ ಯಾವ ಸಾಲು ಬಂತೆಂದು ತೋರಿಸುವ ಪಠ್ಯವಾಗಿ, ಇಮೇಲ್ ಮೂಲಕ ಕಳುಹಿಸುತ್ತಾರೆ, ಪರಿಶೀಲಿಸುವವರು ತಕರಾರು ಇರುವ ಸಾಲುಗಳ ಕೆಳಗೇ ತಮ್ಮ ಮಾತನ್ನು ಬರೆಯುತ್ತಾರೆ. ತಿದ್ದಿ ಮತ್ತೆ ಕಳುಹಿಸುವಾಗ ಅದು ಎರಡನೆಯ ಆವೃತ್ತಿಯೆಂದು ಗುರುತಿಸಿ, ಹಿಂದಿನದಕ್ಕಿಂತ ಏನೇನು ಬದಲಾಗಿದೆ ಎಂದು ಜೊತೆಯಲ್ಲೇ ಬರೆಯಬೇಕು. ಪರಿಶೀಲಕರ ಮಾತನ್ನು ಕಡೆಗಣಿಸಿದವರು ತಾವೂ ಕಡೆಗಣನೆಗೆ ಒಳಗಾಗುತ್ತಾರೆ ಎಂದು ಅಲ್ಲಿನ ಮಾರ್ಗದರ್ಶಿ ಎಚ್ಚರಿಸುತ್ತದೆ. ಅದೇ ಮಾರ್ಗದರ್ಶಿಯಲ್ಲಿ ನನಗೆ ಬಹಳ ಮುಖ್ಯವೆನಿಸಿದ ಇನ್ನೊಂದು ಸೂಚನೆಯಿದೆ. ಪರಿಶೀಲಕರ ಪ್ರಶ್ನೆಯಿಂದ ಕೋಡಿನಲ್ಲಿ ಬದಲಾವಣೆ ಮಾಡುವ ಅಗತ್ಯ ಬೀಳದಿದ್ದರೂ, ಮುಂದಿನ ಪರಿಶೀಲಕರಿಗೆ ವಿಷಯ ಸ್ಪಷ್ಟವಾಗುವಂತೆ ಒಂದು ಟಿಪ್ಪಣಿಯನ್ನಾದರೂ ಸೇರಿಸಬೇಕು ಎನ್ನುತ್ತದೆ ಅದು. ಎಂದರೆ, ತಪ್ಪು ಟೀಕೆಯಿಂದಲೂ ಒಂದು ಉಪಯೋಗವಿದೆ: ಗಮನವಿಟ್ಟು ಓದುವವರೊಬ್ಬರು ಇಲ್ಲಿ ಎಡವಿದ್ದಾರೆಂದು ಅದು ತೋರಿಸಿಕೊಡುತ್ತದೆ. ಅವರು ಎಡವಿದ ಕಡೆ ಇನ್ನೊಬ್ಬರೂ ಎಡವಬಹುದು. "ನಿಮಗೆ ಅರ್ಥವಾಗಿಲ್ಲ" ಎಂದು ಉತ್ತರಿಸಿ ಗೆದ್ದೆವೆಂದುಕೊಳ್ಳುವವರು ಈ ಮಾಹಿತಿಯನ್ನು ಕೈಯಾರೆ ಚೆಲ್ಲುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ಟೀಕಿಸುವವರಿಗೆ ಹೊಣೆಯಿಲ್ಲವೆಂದಲ್ಲ. ಲಿನಕ್ಸ್ ಕರ್ನಲ್ಲನ್ನು ಆರಂಭಿಸಿದ, ಕಟುವಾದ ಇಮೇಲ್‌ಗಳಿಗೆ ಹೆಸರಾಗಿದ್ದ ಲಿನಸ್ ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರಿನಲ್ಲಿ ತಮ್ಮ ವರ್ತನೆಗೆ ಬಹಿರಂಗವಾಗಿ ಕ್ಷಮೆ ಕೇಳಿ ಕೆಲಕಾಲ ಕೆಲಸದಿಂದ ದೂರವಿದ್ದರು, ಅದೇ ಸಮಯದಲ್ಲಿ ಆ ಸಮುದಾಯ ಹೊಸ ನಡವಳಿಕೆ ಸಂಹಿತೆಯನ್ನೂ ಅಳವಡಿಸಿಕೊಂಡಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರ ನಂತರ ಇಳಿಯತೊಡಗಿದ್ದರ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸದುದ್ದೇಶದಿಂದ ಬಂದ ಹೊಸಬರ ಕೊಡುಗೆಗಳನ್ನು ತಿರಸ್ಕರಿಸುತ್ತಿದ್ದುದೂ ಅವರು ಉಳಿಯದಿರಲು ಒಂದು ಕಾರಣವೆಂದು ತೋರಿಸಿತು. ಬೈಗುಳದಿಂದ ಪಾಠ ಕಲಿಯಬೇಕಾದ ಹಂಗು ಯಾರಿಗೂ ಇಲ್ಲ, ಅದನ್ನು ನಿರ್ವಾಹಕರ ಗಮನಕ್ಕೆ ತರುವುದೇ ಸರಿ. ಆದರೆ ಬಿರುಸಾಗಿ ಹೇಳಿದ ಮಾತೆಲ್ಲ ಬೈಗುಳವಲ್ಲ. ಧಾಟಿಯ ಬಗ್ಗೆ ದೂರು ಕೊಟ್ಟ ಮೇಲೂ ಅದರಲ್ಲಿ ತೋರಿಸಿದ ದೋಷ ಕೆಲಸದಲ್ಲಿ ಉಳಿದೇ ಇರಬಹುದು, ಇದ್ದರೆ ಅದನ್ನು ತಿದ್ದಲೇಬೇಕು.

ಇಬ್ಬರು ಪರಿಶೀಲಕರು ಒಂದಕ್ಕೊಂದು ವಿರುದ್ಧವಾದ ಸಲಹೆ ಕೊಟ್ಟಾಗ ಹೊಸಬರು ನಿಜಕ್ಕೂ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ತಮಗೆ ಅನುಕೂಲವಾದದ್ದನ್ನು ಸುಮ್ಮನೆ ಆರಿಸಿಕೊಂಡರೆ ಇನ್ನೊಬ್ಬರ ಶ್ರಮವನ್ನು ಅಲಕ್ಷಿಸಿದಂತಾಗುತ್ತದೆ. ಎರಡನ್ನೂ ಎಲ್ಲರೂ ನೋಡುವಲ್ಲಿ ಅಕ್ಕಪಕ್ಕ ಇಟ್ಟು, ತಾವು ಯಾವುದರ ಕಡೆ ವಾಲುತ್ತೀರಿ, ಏಕೆ ಎಂದು ಬರೆದು, ಇಬ್ಬರನ್ನೂ ಕೇಳಿ. ಉತ್ತರ ಬರಲು ದಿನಗಳೇ ಹಿಡಿಯಬಹುದು, ಏಕೆಂದರೆ ಅವರಲ್ಲಿಯೂ ಹಲವರು ನಿಮ್ಮಂತೆಯೇ ಬಿಡುವು ಮಾಡಿಕೊಂಡು ಬಂದವರು. ಆ ನಡುವೆ ನಿಮ್ಮ ಜೊತೆಗೇ ಬಂದ ಮತ್ತೊಬ್ಬ ಹೊಸಬರ ಕೆಲಸವನ್ನು ತೆರೆದು, ತಕರಾರಿರುವ ಸಾಲನ್ನೂ ಅದರ ಕಾರಣವನ್ನೂ ಸ್ಪಷ್ಟವಾಗಿ ಹೆಸರಿಸಿ ನೀವೇ ಒಂದು ವಿಮರ್ಶೆ ಬರೆದು ನೋಡಿ. ಸರಿಯಾದ ಟೀಕೆಯನ್ನು ಬರೆಯಲು ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದು ಆಗ ತಿಳಿಯುತ್ತದೆ.