ಮಡಿಲಕ್ಕಿ ಮ್ಯಾರಥಾನ್

ಬೆಂಗಳೂರಿನಲ್ಲಿ ಓಡುವಾಗ ಸುಸ್ತಾದರೆ ನಡೆಯಬಹುದು, ಯಾರೂ ಕೇಳುವುದಿಲ್ಲ. ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದರೂ ಪಕ್ಕದವರು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಹುಟ್ಟೂರಿನಲ್ಲಿ ಆ ಸೌಕರ್ಯವಿಲ್ಲ. ನಾನು ಯಾರ ಮಗಳು, ಯಾರ ಮನೆಯ ಸೊಸೆ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಯಾವ ದೇವರ ದಯೆಯಿಂದ ಪಾಸಾದೆ ಎಂಬುದೆಲ್ಲ ಚಿತ್ರದುರ್ಗದ ಬೀದಿಬೀದಿಗೂ ಗೊತ್ತು. ಅಂಥ ಊರಿನಲ್ಲಿ ಹಾಫ್ ಮ್ಯಾರಥಾನ್ ಇದೆಯೆಂದು ತಮ್ಮ ಫೋನ್ ಮಾಡಿದ. "ಸ್ವಲ್ಪ ಏರು ಇದೆಯಂತೆ ಅಕ್ಕಾ" ಎಂದ. ಅವನು ಬೈಕಿಲ್ಲದೆ ಹಾಲಿನ ಅಂಗಡಿಗೂ ಹೋಗದವನು. ಏರು ಏನೆಂಬುದು ಅವನ ಬೈಕಿಗೆ ಗೊತ್ತಿರಬೇಕು.

ಓಟ ಹೊರಟಿದ್ದು ಒನಕೆ ಓಬವ್ವ ಕ್ರೀಡಾಂಗಣದಿಂದ. ಊರಿನಲ್ಲಿ ಸುತ್ತಿ, ಜೋಗಿಮಟ್ಟಿ ರಸ್ತೆ ಹಿಡಿದು, ಕಾಡಿಗಿಂತ ಮುಂಚೆ ಹಿಂತಿರುಗಿ, ರಂಗಯ್ಯನ ಬಾಗಿಲಿನ ಕಡೆಯಿಂದ ಕೋಟೆಯತ್ತ ಮತ್ತೊಮ್ಮೆ ಹತ್ತಿ ಇಳಿಯಬೇಕು. ನಕ್ಷೆ ಬರೆದವರು ಊರಿನಲ್ಲಿದ್ದ ಒಂದು ದಿಬ್ಬವನ್ನೂ ಬೇಸರಪಡಿಸಿರಲಿಲ್ಲ.

ಎದೆಯ ಮೇಲೆ ನಂಬರ್ ಚೀಟಿ ಸಿಕ್ಕಿಸಿಕೊಂಡು ಓಡುವವರನ್ನು ನಮ್ಮೂರು ಕಂಡಿಲ್ಲವೆಂದಲ್ಲ. ಆದರೆ ಬೆಳಗಿನ ಆರು ಗಂಟೆಗೆ ಗುಂಪಾಗಿ ಜನ ಹೊರಟರೆ ಅದು ಜಾಥಾ ಎಂದೇ ಇಲ್ಲಿನ ನಂಬಿಕೆ. ಟೀ ಅಂಗಡಿಯ ಮುಂದೆ ನಿಂತಿದ್ದ ಒಬ್ಬರು "ಯಾವ ಜಾಥಾ ಇದು?" ಎಂದು ಕೂಗಿ ಕೇಳಿದರು. "ಓಟ" ಎಂದೆ. "ಯಾರಿಗೆ?" ಎಂದರು. ತಿಳಿಸಿ ಹೇಳುವಷ್ಟು ಉಸಿರು ಆಗಲೇ ಉಳಿದಿರಲಿಲ್ಲ.

ಜೋಗಿಮಟ್ಟಿ ರಸ್ತೆಯ ಏರಿನಲ್ಲಿ ಎರಡು ಸಂಗತಿಗಳು ಎದುರಾದವು. ಒಂದು, ಗಾಳಿ. ಆ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ಗಾಳಿಯಂತ್ರಗಳನ್ನು ನೆಟ್ಟವರು ಸುಮ್ಮನೆ ನೆಟ್ಟಿಲ್ಲ ಎಂಬುದು ಎದೆಗೆ ತಿಳಿಯಿತು. ರೆಕ್ಕೆಗಳು ಗಿರಗಿರನೆ ತಿರುಗುತ್ತಿದ್ದವು, ನಾನು ಮಾತ್ರ ಇದ್ದಲ್ಲೇ ಇದ್ದೆ. ಇಳಿಯುವಾಗ ಇದೇ ಗಾಳಿ ಬೆನ್ನು ತಳ್ಳುತ್ತದಲ್ಲ ಎಂಬ ಆಸೆಯಲ್ಲಿ ಹತ್ತಿದೆ. ಇಳಿಯುವ ಹೊತ್ತಿಗೆ ಗಾಳಿ ಬಿದ್ದುಹೋಗಿ, ಅಷ್ಟೂ ಯಂತ್ರಗಳು ವಿಶ್ರಾಂತಿ ಪಡೆಯುತ್ತಿದ್ದವು.

ಎರಡನೆಯದು, ನಮ್ಮ ಗಣಿತದ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ಮಂಕಿ ಟೋಪಿ, ಕೈಯಲ್ಲೊಂದು ಕೋಲು. ಆಡುಮಲ್ಲೇಶ್ವರದ ಕಡೆ ವಾಯುವಿಹಾರಕ್ಕೆ ಹೊರಟವರು ಹಿಂದಿನಿಂದ ಬಂದು ನನ್ನನ್ನು ಸೇರಿಕೊಂಡರು. ಗಮನಿಸಿ: ಅವರು ನಡೆಯುತ್ತಿದ್ದರು, ನಾನು ಓಡುತ್ತಿದ್ದೆ.

"ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ತೆಗೆದುಕೊಳ್ಳುತ್ತಿದ್ದೀಯಮ್ಮಾ?"

"ಒಂಬತ್ತು, ಸಾರ್."

"ಹಾಗಾದರೆ ಇಪ್ಪತ್ತೊಂದಕ್ಕೆ?"

"ಮೂರು ಗಂಟೆ, ಸಾರ್."

"ಒಂಬತ್ತು ನಿಮಿಷ ಎಲ್ಲಿ ಹೋಯಿತು?"

ಹಿಂದೆಯೂ ಹೀಗೆಯೇ. ಉತ್ತರ ಹತ್ತಿರಹತ್ತಿರ ಸರಿಯಿದ್ದರೂ ಅಂಕ ಕೊಡುತ್ತಿರಲಿಲ್ಲ. "ಆತುರಪಡಬೇಡ" ಎಂದು ಬುದ್ಧಿ ಹೇಳಿ ಮುಂದೆ ನಡೆದೇಬಿಟ್ಟರು. ಆ ಮಾತನ್ನು ಹೇಳುವ ಅಗತ್ಯ ಇರಲಿಲ್ಲ.

ಊರೊಳಗೆ ಮರಳಿದಾಗ ಹುರಿದುಂಬಿಸುವವರು ಹೆಚ್ಚಾದರು. "ಓಬವ್ವನ ಊರಿನ ಹೆಣ್ಣುಮಗಳು ನೀನು, ನಿಲ್ಲಬೇಡ!" ಎಂದು ಒಬ್ಬರು ಕಟ್ಟೆಯ ಮೇಲಿಂದ ಕೂಗಿದರು. ತಾವು ಕುಳಿತೇ ಇದ್ದರು. ಸ್ವಲ್ಪ ಯೋಚಿಸಿದರೆ ಈ ಮಾತಿನಲ್ಲಿ ಒಂದು ತೊಡಕಿದೆ. ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆಂದು ಹೋದ ಓಬವ್ವ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡಳು. ಆಗ ಅವಳು ಕೂಗುತ್ತಾ ಓಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತಳು. ಶತ್ರುಗಳೇ ಒಬ್ಬೊಬ್ಬರಾಗಿ ಅವಳಿದ್ದಲ್ಲಿಗೆ ಬಂದರು. ನಿಲ್ಲುವುದೇ ನಮ್ಮ ಪರಂಪರೆ ಎಂದು ವಾದಿಸಲು ನನ್ನಲ್ಲಿ ಸಾಕಷ್ಟು ಸಾಮಗ್ರಿಯಿತ್ತು. ಉಸಿರಿರಲಿಲ್ಲ.

ಹಾಗೂ ನಾನು ನಿಂತಿದ್ದು ದೊಡ್ಡಪೇಟೆಯಲ್ಲಿ, ದೊಡ್ಡಮ್ಮನ ಮನೆಯ ಮುಂದೆ. ನಿಂತೆ ಎನ್ನುವುದಕ್ಕಿಂತ ಹಿಡಿಯಲ್ಪಟ್ಟೆ ಎನ್ನಬೇಕು. ದೊಡ್ಡಮ್ಮ ರಂಗೋಲಿ ಮುಗಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡವಳೇ ಅರ್ಧ ಬೀದಿಗೆ ಬಂದು ರಟ್ಟೆ ಹಿಡಿದಳು.

"ಯಾರು ಓಡಿಸಿಕೊಂಡು ಬರುತ್ತಿದ್ದಾರೆ?"

"ಯಾರೂ ಇಲ್ಲ ದೊಡ್ಡಮ್ಮಾ. ಸ್ಪರ್ಧೆ."

"ಮನೆಯ ಮುಂದೆಯೇ ಹೋಗುತ್ತಾ ಒಳಗೆ ಬರದಿದ್ದರೆ ನೋಡಿದವರು ಏನೆನ್ನುತ್ತಾರೆ? ನಿನಗೂ ನನಗೂ ಮಾತಿಲ್ಲ ಎನ್ನುತ್ತಾರೆ."

ನೋಡುವವರು ಆಗಲೇ ಎದುರುಮನೆಯ ಜಗಲಿಯ ಮೇಲೆ ಸೇರಿದ್ದರು. ಒಳಗೆ ಹೋದೆ. ಎರಡು ನಿಮಿಷ ಎಂದುಕೊಂಡೆ. ಕಾಫಿ ಬೇಡವೆಂದು ಬೇಡಿಕೊಂಡು ಬಾಗಿಲ ಕಡೆ ತಿರುಗಿದಾಗ ದೊಡ್ಡಮ್ಮನ ಮುಖ ಚಿಕ್ಕದಾಯಿತು. ತವರಿನ ಹೆಣ್ಣುಮಗಳು ಬರಿಗೈಯಲ್ಲಿ ಹೊಸಿಲು ದಾಟುವುದುಂಟೇ? ಮಣೆ ಬಂತು. ಅರಿಸಿನ ಕುಂಕುಮ ಬಂತು. ಬೆವರಿಗೆ ಕುಂಕುಮ ಹಣೆಯಿಂದ ಮೂಗಿಗೆ ಇಳಿಯಿತು. ಆಮೇಲೆ ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ, ತೆಂಗಿನಕಾಯಿ.

"ಸೆರಗು ಒಡ್ಡು" ಎಂದಳು.

ನಾನು ತೊಟ್ಟಿದ್ದು ಟೀಶರ್ಟು. ಅದರ ಮುಂಭಾಗವನ್ನೇ ಎರಡೂ ಕೈಯಲ್ಲಿ ಎಳೆದು ಒಡ್ಡಿದೆ. ನಂಬರ್ ಚೀಟಿಯ ಮೇಲೆಯೇ ಅಕ್ಕಿ ಬಿತ್ತು. ಕೊನೆಗೆ ದೊಡ್ಡಮ್ಮನೇ ಕನಿಕರಪಟ್ಟು ಎಲ್ಲವನ್ನೂ ಜವಳಿ ಅಂಗಡಿಯ ಕೈಚೀಲಕ್ಕೆ ಸುರಿದುಕೊಟ್ಟಳು. ದಾರಿಯಲ್ಲಿ ಯಾರಿಗೂ ಕೊಡಬಾರದೆಂದು ತಾಕೀತು ಬೇರೆ. ಮಡಿಲಕ್ಕಿ ದಾನವಾಗಬಾರದಂತೆ.

ಓಟಗಾರರು ಒಂದೊಂದು ಗ್ರಾಂ ಲೆಕ್ಕ ಹಾಕಿ ಹಗುರವಾದ ಶೂ ಕೊಳ್ಳುತ್ತಾರೆ. ನಾನೂ ಕೊಂಡಿದ್ದೆ. ಈಗ ಎಡಗೈಯಲ್ಲಿ ಚೀಲ, ಹೆಜ್ಜೆಗೊಮ್ಮೆ ಮೊಣಕಾಲಿಗೆ ತೆಂಗಿನಕಾಯಿಯ ಏಟು. ನೀರು ಕೊಡುತ್ತಿದ್ದ ಹುಡುಗನೊಬ್ಬ "ಆಂಟಿ, ಸಂತೆ ಆ ಕಡೆ" ಎಂದು ಕೈ ತೋರಿಸಿದ. ಆದರೂ ಸತ್ಯ ಹೇಳಬೇಕು: ಕೋಟೆಯ ಏರಿನಲ್ಲಿ ಜೊತೆಯವರೆಲ್ಲ ಜೇಬಿನಿಂದ ದುಬಾರಿ ಎನರ್ಜಿ ಜೆಲ್ ಹಿಂಡಿಕೊಳ್ಳುವಾಗ ನಾನು ಬಾಳೆಹಣ್ಣು ತಿಂದು ಬೆಲ್ಲ ಕಡಿದೆ. ಒಂದಿಬ್ಬರು ಆಸೆಯಿಂದ ನೋಡಿದರು. ತಾಕೀತು ನೆನಪಾಗಿ ಮುಖ ತಿರುಗಿಸಿಕೊಂಡೆ.

21 ಕಿಲೋಮೀಟರಿನ ಫಲಕ ಕಂಡಾಗ ಮುಗಿಯಿತು ಎಂದುಕೊಂಡರೆ ಇನ್ನೂ 97.5 ಮೀಟರ್ ಬಾಕಿ. ಇದರ ಮೂಲ ಇಂಗ್ಲೆಂಡಿನ ಅರಮನೆಯಲ್ಲಿದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನನ್ನು ವಿಂಡ್ಸರ್ ಕೋಟೆಯಿಂದ ಹೊರಡಿಸಿ, ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದೆದುರು ಮುಗಿಸಿದರು. ಆ ದೂರ 42.195 ಕಿಲೋಮೀಟರ್ ಆಯಿತು. 1921ರಲ್ಲಿ ಅದನ್ನೇ ಖಾಯಂ ಮಾಡಿದರು. ಅದರ ಅರ್ಧವೇ ನಮ್ಮ ಪಾಲಿಗೆ ಬಂದದ್ದು. ನಮ್ಮ ಕೋಟೆಯ ಏರು ಸಾಲದೆಂದು ಅವರ ಕೋಟೆಯ ಬಾಕಿಯನ್ನೂ ನಾನೇ ತೀರಿಸಬೇಕಾಯಿತು. ಒಂದೇ ಸಮಾಧಾನವೆಂದರೆ ಈ 97.5 ಮೀಟರ್ ಮೇಷ್ಟ್ರ ಲೆಕ್ಕದಲ್ಲೂ ಇರಲಿಲ್ಲ.

ಮುಕ್ತಾಯದ ಗೆರೆಯ ಚಿತ್ರದಲ್ಲಿ ಹಣೆಯಿಂದ ಗಲ್ಲದವರೆಗೆ ಕುಂಕುಮ, ಕೈಯಲ್ಲಿ ಚೀಲ. ಮನೆಯವರೆಲ್ಲ ಗಾಯವಾಗಿದೆಯೆಂದೇ ತಿಳಿದರು. ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಿಂದದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಡಿ ಕರಗಿಸಿದ್ದು ಮಧ್ಯಾಹ್ನದೊಳಗೆ ಸ್ವಸ್ಥಾನ ಸೇರಿತು.

ಏರಿನಲ್ಲಿ ಉಸಿರು ಹೋದರೂ ತೊಡೆಯನ್ನು ನಿಜವಾಗಿ ಹಾಳುಮಾಡುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ದೇಹದ ಭಾರ ತಡೆಯಬೇಕಾಗುತ್ತದೆ. ಅದರ ನೋವು ಅಂದೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಪೂರ್ತಿ ಬಲ ಪಡೆದು ಬರುತ್ತದೆ. ಸರಿಯಾಗಿ ಆ ಹೊತ್ತಿಗೇ ಗಂಡ ಮಕ್ಕಳು "ಇಷ್ಟು ದೂರ ಬಂದು ಕೋಟೆ ನೋಡದೆ ಹೋಗುವುದೇ?" ಎಂದು ಹಟ ಹಿಡಿದರು.

ಹತ್ತುವುದು ಹೇಗೋ ಆಯಿತು. ಒಂದು ಬಾಗಿಲಿನಲ್ಲಿ ಗೈಡ್, ಆನೆ ವೇಗವಾಗಿ ಬಂದು ಗುದ್ದದಿರಲೆಂದು ಇಲ್ಲಿ ದಾರಿಯನ್ನು ತಿರುಚಿ ಕಟ್ಟಿದ್ದಾರೆ ಎಂದು ವಿವರಿಸುತ್ತಿದ್ದರೆ, ಮಗಳು ನನ್ನನ್ನೇ ನೋಡುತ್ತಿದ್ದಳು. ಇಳಿಯುವಾಗ ಒಂದು ಮೆಟ್ಟಿಲೂ ಸಾಗಲಿಲ್ಲ. ಹಿಮ್ಮುಖವಾಗಿ ಇಳಿದರೆ ತೊಡೆಗೆ ನೋವು ಕಡಿಮೆ. ಹಾಗಾಗಿ ಬೆಟ್ಟಕ್ಕೆ ಮುಖ ಮಾಡಿ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹಿಂದೆ ಹಿಂದೆ ಇಳಿಯತೊಡಗಿದೆ. ಏಕನಾಥೇಶ್ವರಿಯ ದರ್ಶನಕ್ಕೆಂದು ಹತ್ತಿ ಬರುತ್ತಿದ್ದ ಅಜ್ಜಿಯೊಬ್ಬರು ಭಕ್ತಿಯಿಂದ ಪಕ್ಕಕ್ಕೆ ಸರಿದು ನಿಂತರು.

"ದೇವಿಗೆ ಬೆನ್ನು ತೋರಿಸುವುದಿಲ್ಲವೆಂದು ಹರಕೆಯೇನಮ್ಮಾ? ಯಾತಕ್ಕೆ ಹೊತ್ತಿದ್ದೆ?"

ಗಂಡ ನನಗಿಂತ ಮುಂಚೆ ಉತ್ತರಿಸಿದರು: "ಮೆಡಲಿಗೆ, ಅಜ್ಜೀ."

ಅಜ್ಜಿ ನನಗೆ ಕೈ ಮುಗಿದರು. ನಾನೂ ಮುಗಿಯಬೇಕಿತ್ತು, ಆದರೆ ಗೋಡೆ ಬಿಡುವ ಸ್ಥಿತಿಯಲ್ಲಿರಲಿಲ್ಲ.